ನಮ್ಮ ಬುಧವಾರದ ಸವಾರಿಗಳು

ಡೊಂಬಿವಲಿಯಲ್ಲಿ ಇರುವವರಿಗೆ ದಿಕ್ಕುಗಳು ಎರಡೇ. ಬೆಳಿಗ್ಗೆ ವಿ.ಟಿ. ಕಡೆ, ಸಂಜೆ ಮನೆ ಕಡೆ. (ಹೆಸರು ಬದಲಾಗಿ ಎಷ್ಟೋ ವರ್ಷವಾಯಿತು, ನನ್ನ ಬಾಯಿಗೆ ಇನ್ನೂ ವಿ.ಟಿ. ಅಂತಲೇ ಬರುತ್ತದೆ, ಏನು ಮಾಡುವುದು!) ಹಾಸನದಿಂದ ನಾನು ಇಲ್ಲಿಗೆ ಬಂದಿದ್ದು 1978ರಲ್ಲಿ. ಮೂವತ್ತನಾಲ್ಕು ವರ್ಷ ಅದೇ ಲೋಕಲ್, ಹೆಚ್ಚು ಕಡಿಮೆ ಅದೇ ಡಬ್ಬಿ, ಅದೇ ಮುಖಗಳು. ಠಾಣೆ, ಕಲ್ಯಾಣ್, ಅಂಬರನಾಥ್ ಎಲ್ಲವೂ ಇಂಡಿಕೇಟರಿನ ಮೇಲೆ ಓದುವ ಹೆಸರುಗಳು. ಭಾನುವಾರ ನಿದ್ದೆ, ಮಾರ್ಕೆಟ್ಟು, ಕನ್ನಡದವರ ಕಾರ್ಯಕ್ರಮವಿದ್ದರೆ ಅದು. ರಜೆ ಸಿಕ್ಕರೆ ಊರು. ಇಲ್ಲಿಯ ಬಹುಪಾಲು ಕನ್ನಡಿಗರ ಜೀವನವೂ ಹೀಗೇ ಅಲ್ಲವೇ?

ಎರಡು ವರ್ಷದ ಹಿಂದೆ ನಮ್ಮ ಸೊಸೈಟಿಯ ನೋಟೀಸು ಬೋರ್ಡಿನಲ್ಲಿ 'ರೀಡೆವಲಪ್‌ಮೆಂಟ್' ಎನ್ನುವ ಪದ ಕಾಣಿಸಿಕೊಂಡಿತು. ನಮ್ಮದು ನಾಲ್ಕು ಮಹಡಿಯ ಹಳೇ ಕಟ್ಟಡ, ಲಿಫ್ಟ್ ಇಲ್ಲ. ನಾವಿರುವುದು ಮೂರನೇ ಮಹಡಿ. ಕಟ್ಟಡ ಒಡೆಯುತ್ತಾರಂತೆ, ಅಲ್ಲಿಯತನಕ ಬಾಡಿಗೆ ಕೊಡುತ್ತಾರಂತೆ, ಮೂರೋ ನಾಲ್ಕೋ ವರ್ಷದ ಮೇಲೆ ಹೊಸ ಮನೆಯ ಬೀಗದ ಕೈ ಅಂತೆ. ಬೆಂಗಳೂರಿನಲ್ಲಿರುವ ಮಗ, "ಈ ವಯಸ್ಸಿನಲ್ಲಿ ಬಾಡಿಗೆ ಮನೆ ಯಾಕಪ್ಪಾ? ಮಾರಿ ಇಲ್ಲಿಗೇ ಬಂದುಬಿಡಿ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ನನ್ನವಳ ಮಂಡಿನೋವು ಬೇರೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು.

ಆಗ ಅವಳೇ ಹೇಳಿದ್ದು: "ಬಿಟ್ಟು ಹೋಗೋದೇ ಆದರೆ, ಇಲ್ಲಿ ಏನಿದೆ ಅಂತ ನೋಡಿಕೊಂಡಾದರೂ ಹೋಗೋಣ ರೀ. ಅಲ್ಲಿ ಯಾರಾದರೂ ಕೇಳಿದರೆ ಬರೀ ರಶ್ಶಿನ ಕಥೆ ಹೇಳೋದಾ?"

ಹೀಗೆ ಶುರುವಾಯಿತು ನಮ್ಮ ಬುಧವಾರದ ಸವಾರಿ. ಭಾನುವಾರ ಮೆಗಾಬ್ಲಾಕಿನ ಕಾಟ, ಆದ್ದರಿಂದ ಬುಧವಾರ. ಹನ್ನೊಂದರ ಮೇಲೆ ಹೊರಡುವುದು, ನಾಲ್ಕರೊಳಗೆ ವಾಪಸ್ಸು. ಒಂದು ಬಾಟಲಿ ನೀರು, ಡಬ್ಬಿಯಲ್ಲಿ ಅವಲಕ್ಕಿ, ಅವಳ ನೀ-ಕ್ಯಾಪು, ನನ್ನ ಬಿ.ಪಿ. ಮಾತ್ರೆ.

ಮೊದಲನೆಯದು ಅಂಬರನಾಥ. ಕಲ್ಯಾಣ್ ದಾಟಿದರೆ ಮೂರನೇ ಸ್ಟೇಷನ್ನು. ಅಲ್ಲಿಂದ ರಿಕ್ಷಾದಲ್ಲಿ ಸ್ವಲ್ಪ ದೂರ ಹೋದರೆ ವಾಲಧುನಿ ನದಿಯ ದಡದಲ್ಲಿ ಶಿವನ ಗುಡಿ. ನದಿಯ ಬಗ್ಗೆ ಹೇಳದಿರುವುದೇ ವಾಸಿ, ಕಾರ್ಖಾನೆಗಳ ಕೊಳೆಯಿಂದ ಕರ್ರಗಾಗಿದೆ. ಆದರೆ ಗುಡಿ! ನಾನು ಹಾಸನ ಜಿಲ್ಲೆಯವನು, ಬೇಲೂರು ಹಳೇಬೀಡು ನೋಡಿ ಬೆಳೆದವನು, ಕೆತ್ತನೆ ಅಂದರೆ ನಮ್ಮದೇ ಎಂಬ ಸಣ್ಣ ಜಂಬ ಇದ್ದೇ ಇದೆ. ಇಲ್ಲಿಯ ಶಾಸನದ ಕಾಲ ಶಕ 982, ಅಂದರೆ ಕ್ರಿ.ಶ. 1060. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಅಂಬರನಾಥನೇ ಐವತ್ತೇಳು ವರ್ಷ ಹಿರಿಯ! ಅದೂ ಅಲ್ಲದೆ ಬೇಲೂರಿನದು ಬಳಪದ ಕಲ್ಲು, ಕೆತ್ತುವಾಗ ಮೆತ್ತಗಿರುತ್ತದೆ. ಇಲ್ಲಿಯದು ಈ ಕಡೆಯ ಗಟ್ಟಿ ಕರಿಕಲ್ಲು. ಅದರಲ್ಲಿ ಇಷ್ಟು ಸೂಕ್ಷ್ಮವಾಗಿ ಆನೆ, ನರ್ತಕಿ, ದೇವತೆಗಳನ್ನು ಕಡೆದವರ ಕೈಗೆ ನಮಸ್ಕಾರ ಹೇಳಬೇಕು. ಮಳೆ ಬಿಸಿಲಿಗೆ ಎಷ್ಟೋ ಮುಖಗಳು ಸವೆದುಹೋಗಿವೆ, ಆದರೂ.

ಕಟ್ಟಿಸಿದವರು ಶಿಲಾಹಾರರು. ಶಾಸನದಲ್ಲಿರುವ ಹೆಸರು ಮಮ್ವಾಣಿ ರಾಜ, ಮುಮ್ಮುಣಿ ಎಂದೂ ಬರೆಯುತ್ತಾರೆ. ಈ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಠಾಣೆಯ ಗುಡ್ಡದ ಆಚೆ ಮಗ್ಗುಲಲ್ಲಿರುವ ಕಾನ್ಹೇರಿ ಗುಹೆಗಳಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ, ಒಂದು 843ರದ್ದು, ಇನ್ನೊಂದು 877ರದ್ದು. ಕವಿರಾಜಮಾರ್ಗ ಹುಟ್ಟಿದ್ದು ಯಾರ ಆಸ್ಥಾನದಲ್ಲೋ ಅದೇ ನೃಪತುಂಗ. ಶಿಲಾಹಾರರ ಸಂಸ್ಕೃತ ತಾಮ್ರಪಟಗಳಲ್ಲೂ 'ಮಲಗಲಗಂಡ' ಎಂಬಂಥ ಕನ್ನಡ ಬಿರುದುಗಳು ಬರುತ್ತವೆ. ಇದನ್ನೆಲ್ಲಾ ಉತ್ಸಾಹದಿಂದ ವಿವರಿಸುತ್ತಾ, "ಗಂಡ ಅಂದರೆ ಶೂರ ಕಣೇ, ಹಳಗನ್ನಡದಲ್ಲಿ" ಎಂದೆ. "ಹಳಗನ್ನಡದಲ್ಲಿ ಇದ್ದಿರಬಹುದು" ಎಂದಳು!

ಗರ್ಭಗುಡಿಗೆ ಇಪ್ಪತ್ತರಷ್ಟು ಮೆಟ್ಟಿಲು ಕೆಳಗಿಳಿಯಬೇಕು. ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಲಿಂಗ, ಮೇಲೆ ನೋಡಿದರೆ ತೆರೆದ ಆಕಾಶ. ಮೆಟ್ಟಿಲು ನೋಡಿಯೇ ನಾನು "ನೀನು ಇಲ್ಲೇ ಕೂತಿರು" ಎಂದೆ. ಅವಳು ಕೇಳಲಿಲ್ಲ. ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿಕೊಂಡು ಇಳಿದಳು. ನಡುವೆ ಒಬ್ಬಳು ಮರಾಠಿ ಹುಡುಗಿ "ಸಾವಕಾಶ್ ಆಜಿ" ಅಂತ ಕೈಕೊಟ್ಟಳು. ಕೈ ಹಿಡಿದುಕೊಂಡಳು ನನ್ನವಳು, ಆದರೆ 'ಆಜಿ' ಎಂದದ್ದಕ್ಕೆ ಮನೆಗೆ ಬರುವವರೆಗೂ ಮುನಿಸು. ಹತ್ತುವಾಗ ಮೂರು ಕಡೆ ನಿಂತೆವು. ಆ ರಾತ್ರಿ ಎಣ್ಣೆ ಹಚ್ಚಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದವಳು, ದೀಪ ಆರಿಸುವ ಮುಂಚೆ ಕೇಳಿದ್ದು, "ಮುಂದಿನ ಬುಧವಾರ ಎಲ್ಲಿಗೆ?"

ಕಲ್ಯಾಣಕ್ಕೆ. ನಾನು ಹೊಸದಾಗಿ ಬಂದಾಗ, ಪಕ್ಕದ ಊರು ಕಲ್ಯಾಣ ಎಂದು ಬರೆದ ಕಾಗದ ಓದಿ ನಮ್ಮಮ್ಮ ಬಸವಣ್ಣನವರ ಕಲ್ಯಾಣ ಎಂದೇ ತಿಳಿದು ಕೈಮುಗಿದಿದ್ದರಂತೆ. ನಮ್ಮವರಿಗೆ ಕಲ್ಯಾಣ್ ಎಂದರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಪ್ಲಾಟ್‌ಫಾರಂ, ಅಷ್ಟೇ. ಊರೊಳಗೆ ಹೋದರೆ ಖಾಡಿಯ ದಂಡೆಯಲ್ಲಿ ದುರ್ಗಾಡಿ ಕೋಟೆ. 1657ರಲ್ಲಿ ಶಿವಾಜಿ ಮಹಾರಾಜರು ಕಲ್ಯಾಣವನ್ನು ಗೆದ್ದ ಮೇಲೆ ಅವರ ನೌಕಾಪಡೆಗೆ ನಾಂದಿಯಾದ ಜಾಗ. ಈಗ ಕೋಟೆ ಎನ್ನುವುದಕ್ಕೆ ಉಳಿದದ್ದು ಸ್ವಲ್ಪವೇ, ದೇವಿಯ ಗುಡಿ ಇದೆ, ಗಾಳಿ ಚೆನ್ನಾಗಿದೆ.

ಅಲ್ಲಿ ಕೂತು ಅವಲಕ್ಕಿ ತಿನ್ನುವಾಗ ಅವಳು ಆನಂದಿಬಾಯಿ ಜೋಶಿಯ ಕಥೆ ತೆಗೆದಳು. ಇಲ್ಲಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದಷ್ಟು ಕಾಲ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದ ಕಥೆ. ಆನಂದಿಬಾಯಿ 1865ರಲ್ಲಿ ಹುಟ್ಟಿದ್ದು ಇದೇ ಕಲ್ಯಾಣದಲ್ಲಿ. ಒಂಬತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ಹೆತ್ತ ಮಗು ಹತ್ತೇ ದಿನದಲ್ಲಿ ತೀರಿಹೋಯಿತು. ಔಷಧ ಕೊಡುವ ಹೆಂಗಸು ಒಬ್ಬಳಾದರೂ ಇರಬೇಕೆಂದು 1883ರಲ್ಲಿ ಹಡಗು ಹತ್ತಿ ಅಮೆರಿಕೆಗೆ ಹೋದಳು. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಡಾಕ್ಟರಾದಳು, ಮರುವರ್ಷ ಫೆಬ್ರವರಿಯಲ್ಲಿ ಪುಣೆಯಲ್ಲಿ ಕ್ಷಯದಿಂದ ಸತ್ತಳು. ಇಪ್ಪತ್ತೆರಡು ಕೂಡ ತುಂಬಿರಲಿಲ್ಲ. ಅವಳ ಚಿತಾಭಸ್ಮವನ್ನು ಅಮೆರಿಕೆಯಲ್ಲಿ ಆಶ್ರಯ ಕೊಟ್ಟಿದ್ದ ಮನೆಯವರಿಗೆ ಕಳಿಸಿದರು, ಅವರು ತಮ್ಮ ಕುಟುಂಬದ ಸ್ಮಶಾನದಲ್ಲಿಟ್ಟರು. "ಯಾರ ಮಣ್ಣು ಎಲ್ಲಿ ಬರೆದಿರುತ್ತೋ ನೋಡಿ" ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಖಾಡಿ ನೋಡುತ್ತಾ ಕೂತೆವು. ಮನೆ ಮಾರುವ ಮಾತು ಆವತ್ತು ಬರಲಿಲ್ಲ.

ಠಾಣೆಯಲ್ಲಿ ಕೋಪಿನೇಶ್ವರನ ದರ್ಶನ ಮಾಡಿ, ಎದುರಿಗಿನ ಮಸುಂದಾ ಕೆರೆಯಲ್ಲಿ ದೋಣಿ ಹತ್ತಿದೆವು. ನಮ್ಮ ದೇಶದ ಮೊದಲ ಪ್ಯಾಸೆಂಜರ್ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಬಂದು ನಿಂತದ್ದು ಇದೇ ಠಾಣೆಯಲ್ಲಿ, 34 ಕಿ.ಮೀ. ಮರುವರ್ಷ ಮೇ ಒಂದಕ್ಕೆ ಖಾಡಿ ದಾಟಿ ಕಲ್ಯಾಣದವರೆಗೂ ಹೋಯಿತು. ದೋಣಿಯಲ್ಲಿ ಕೂತು ನನ್ನ ಲೆಕ್ಕ ಹಾಕಿದೆ. ಡೊಂಬಿವಲಿಯಿಂದ ವಿ.ಟಿ.ಗೆ 48, ಹೋಗಿಬಂದು 96, ವರ್ಷಕ್ಕೆ ಮುನ್ನೂರು ದಿನ, ಮೂವತ್ತನಾಲ್ಕು ವರ್ಷ. ಒಂಬತ್ತು ಲಕ್ಷ ಎಪ್ಪತ್ತೊಂಬತ್ತು ಸಾವಿರ ಕಿ.ಮೀ.! "ಚಂದ್ರನ ಹತ್ತಿರ ಹೋಗಿ ವಾಪಸ್ಸು ಬಂದರೂ ಇನ್ನೂ ಉಳಿಯುತ್ತೆ ಕಣೇ" ಎಂದೆ. "ಕೂತು ಹೋಗಿದ್ದು ಎಷ್ಟು ದೂರ, ಅದನ್ನು ಹೇಳಿ" ಎಂದಳು.

ಖಾರ್ಘರಿನ ಪಾಂಡವಕಡಾ ಜಲಪಾತವನ್ನು ಮಳೆಗಾಲದಲ್ಲಿ ರಸ್ತೆಯಿಂದಲೇ ನೋಡಿ ಬಂದೆವು. ಹತ್ತಿರ ಹೋಗಲು ಆಗ ಬಿಡುವುದಿಲ್ಲ, ಬಿಡದಿರುವುದೇ ಸರಿ, ಪ್ರತಿ ವರ್ಷ ಯಾರಾದರೂ ಹುಚ್ಚುಸಾಹಸ ಮಾಡುವವರೇ. ಆ ಸವಾರಿಯಲ್ಲಿ ನೆನಪಿರುವುದು ಕಲ್ಯಾಣ್-ಪನ್ವೇಲ್ ಎಸ್.ಟಿ. ಬಸ್ಸು. ಹೆಂಗಸರಿಗೆ 2023ರಿಂದ ಅರ್ಧ ಟಿಕೆಟ್ಟು, ನನಗೆ ವಯಸ್ಸಿನ ಮೇಲೆ ಅರ್ಧ. ಇಬ್ಬರೂ ಸೇರಿ ಒಂದಾದೆವು, ಮದುವೆಯಾಗಿ ಇಷ್ಟು ವರ್ಷಕ್ಕೆ!

ಐರೋಲಿಯ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಠಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿಯುವುದು (2004ಕ್ಕೆ ಮುಂಚೆ ಈ ಲೈನೇ ಇರಲಿಲ್ಲ). ಅಲ್ಲಿ ಅರಣ್ಯ ಇಲಾಖೆಯ ಕೇಂದ್ರದಿಂದ ಖಾಡಿಯಲ್ಲಿ ದೋಣಿ ಬಿಡುತ್ತಾರೆ, ಫ್ಲೆಮಿಂಗೊ ನೋಡಲು. ಹೋಗುವಾಗ ಇಬ್ಬರಿಗೂ ಅಂಥ ಆಸೆಯೇನೂ ಇರಲಿಲ್ಲ, ಕೆಸರಿನ ವಾಸನೆ ಬೇರೆ. ಕಾಂಡ್ಲಾ ಗಿಡಗಳನ್ನು ದಾಟಿದ ಮೇಲೆ ದೂರದಲ್ಲಿ ನೀರಿನ ಮೇಲೆ ಗುಲಾಬಿ ಬಣ್ಣದ ಗೆರೆ ಕಾಣಿಸಿತು. ಹತ್ತಿರ ಹೋದಂತೆ ಗೆರೆಗೆ ಕಾಲು, ಕತ್ತು ಮೂಡಿದವು. ಸಾವಿರಾರು! ಎಲ್ಲವೂ ತಲೆ ಕೆಳಗೆ ಮಾಡಿ ಕೆಸರು ಸೋಸುತ್ತಿವೆ. ಹೆಚ್ಚಿನವು ಕಛ್ ಕಡೆಯಿಂದ ಬರುತ್ತವೆ, ನವೆಂಬರಿನ ಹೊತ್ತಿಗೆ ಬಂದು ಮಳೆಗೆ ಮುಂಚೆ ಹೊರಡುತ್ತವೆ. ಈ ಖಾಡಿಗೆ ಇಷ್ಟು ಸಂಖ್ಯೆಯಲ್ಲಿ ಬರತೊಡಗಿದ್ದು 1990ರ ದಶಕದಿಂದ ಈಚೆಗೆ. ನಮ್ಮೆಲ್ಲರ ಮನೆಗಳ ಕೊಳಚೆ ನೀರು ಖಾಡಿಗೆ ಸೇರಿ ಪಾಚಿ ಬೆಳೆಯುತ್ತದೆ, ಅದು ಇವಕ್ಕೆ ಊಟ, ಆ ಗುಲಾಬಿ ಬಣ್ಣವೂ ತಿಂದದ್ದರಿಂದಲೇ. 2015ರಲ್ಲಿ ಅಭಯಾರಣ್ಯ ಎಂದು ಘೋಷಿಸಿದರು, 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬಾಂಬೆ ನೀರು ಕುಡಿದು ಕೆಂಪಗಾಗಿರೋದು ಇವು ಮಾತ್ರ ನೋಡಿ" ಎಂದು ನಕ್ಕಳು. ದೋಣಿಯಿಂದ ಇಳಿಯುವಾಗ ನನ್ನ ಭುಜ ಹಿಡಿದುಕೊಂಡು, "ಬಾಡಿಗೆ ಮನೆ ಸ್ಟೇಷನ್ ಹತ್ತಿರವೇ ನೋಡಿ. ಲಿಫ್ಟ್ ಇರಲಿ" ಎಂದಳು. ಅಷ್ಟೇ. ನಾನು ಮತ್ತೆ ಕೇಳಲಿಲ್ಲ.

ಸೊಸೈಟಿಗೆ ಒಪ್ಪಿಗೆ ಪತ್ರ ಕೊಟ್ಟಾಯಿತು, ಮನೆ ಮಾರುತ್ತಿಲ್ಲ. ಮಗನಿಗೆ ಫೋನು ಮಾಡಿ ಅವಳೇ ಹೇಳಿದಳು, ಮಳೆಗಾಲದ ನಾಲ್ಕು ತಿಂಗಳು ಬೆಂಗಳೂರಿನಲ್ಲಿ, ದೀಪಾವಳಿ ಮುಗಿದ ಮೇಲೆ ಇಲ್ಲಿ ಎಂದು. ಅವನಿಗೆ ಪೂರ್ತಿ ಸಮಾಧಾನವಿಲ್ಲ. ಮಂಡಿ ಆಪರೇಷನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡುವುದು ಇನ್ನೂ ಬಾಕಿ ಇದೆ.

ನೀವೂ ಐರೋಲಿಗೆ ಹೋಗುವುದಾದರೆ ಮೊದಲೇ ವಿಚಾರಿಸಿಕೊಳ್ಳಿ, ದೋಣಿಯ ಸಮಯ ಭರತ-ಇಳಿತ ನೋಡಿಕೊಂಡು ದಿನಾ ಬದಲಾಗುತ್ತದೆ. ಟೋಪಿ ಮರೆಯಬೇಡಿ, ಬಿಸಿಲು ಜೋರು.