ಸವುಳು ನೆಲವೂ ಮಲೆನಾಡಿನ ನೀರೂ

ಮಲ್ಲಂದೂರಿನ ಕಾಫಿತೋಟಗಳ ನಡುವೆ ಬಾಳುವ ನಮಗೆ ಸವುಳು ನೆಲವೆಂಬುದು ಕೇಳಿದ ಮಾತೇ ಹೊರತು ಕಂಡುದಲ್ಲ. ಇಲ್ಲಿಯ ಮಳೆ ಮಣ್ಣಿನ ಲವಣವನ್ನೆಲ್ಲ ತೊಳೆದೊಯ್ಯುವುದು. ಉಳಿದ ಹುಳಿಮಣ್ಣಿಗೆ ಸುಣ್ಣವೆರಚುವುದೇ ನಮ್ಮ ಚಿಂತೆ.

ಆದರೆ ಈ ಮಲೆಸೀಮೆಯ ನೀರೇ ಭದ್ರೆಯಾಗಿ ಹರಿದು, ಕೂಡಲಿಯಲ್ಲಿ ತುಂಗೆಯನ್ನು ಸೇರಿ, 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟೆಯಿಂದ ಗಂಗಾವತಿ, ಸಿಂಧನೂರುಗಳ ಬಯಲಿಗೆ ಹೋಗುತ್ತದೆ. ಅಲ್ಲಿಯ ಎರೆಮಣ್ಣಿನಲ್ಲಿ ನೀರು ಬೇಗನೆ ಬಸಿಯದು. ವರ್ಷವರ್ಷವೂ ಬತ್ತಕ್ಕೆ ನೀರು ನಿಲ್ಲಿಸಿದಂತೆಲ್ಲ ಅಂತರ್ಜಲವೇರಿ, ಬಿಸಿಲಿಗೆ ಉಪ್ಪು ಮೇಲಕ್ಕೆ ಬಂದು, ಅನ್ನವಿತ್ತ ಹೊಲವೇ ಬೆಳ್ಳಗಾಗಿ ಬೀಳುಬಿದ್ದಿತು. ನೀರು ಬಂದಿತೆಂದು ಹಿಗ್ಗಿದ ರೈತನು ನೀರಿನಿಂದಲೇ ನೆಲವನ್ನು ಕಳೆದುಕೊಳ್ಳುವುದು ಎಂತಹ ವಿಪರ್ಯಾಸ!

ಇಂತಹ ನೆಲಕ್ಕೆ ಡಯಾಂಚವೊಂದು ಮದ್ದು. ಅಗಸೆಮರದ ಕುಲದ ಈ ಗಿಡವು ಉಪ್ಪನ್ನೂ ಜವುಳನ್ನೂ ಸಹಿಸುವುದು. ಬಿತ್ತಿದ ಸುಮಾರು 45 ದಿನಗಳಲ್ಲಿ ಅದನ್ನು ಹಸಿಯಾಗಿಯೇ ಉತ್ತು ಮುಚ್ಚಿದರೆ, ಕೊಳೆಯುವಾಗ ಹುಟ್ಟುವ ಆಮ್ಲಗಳು ಮಣ್ಣಿನ ಸುಣ್ಣವನ್ನು ಕರಗಿಸುವುವು. ಆ ಸುಣ್ಣವು ಮಣ್ಣಿಗಂಟಿದ ಸೋಡಿಯಂ ಅನ್ನು ಬಿಡಿಸುವುದು.

ಬಿಡಿಸಿದ ಉಪ್ಪು ಹೊಲವನ್ನು ದಾಟಿ ಹೋಗಲು ಮಾತ್ರ ಬಸಿಗಾಲುವೆಯೇ ಬೇಕು. ಗಿಡವು ಅದನ್ನೆಲ್ಲ ನುಂಗಲಾರದು. ಅಡಕೆತೋಟದ ಬಸಿಗಾಲುವೆಯನ್ನು ತಪ್ಪದೆ ಸವರುವ ನಮ್ಮವರಿಗೆ ಇದು ಹೊಸ ಪಾಠವಲ್ಲ: ನೀರನ್ನು ಬರಮಾಡಿಕೊಂಡವನು ಅದನ್ನು ಬೀಳ್ಕೊಡುವ ದಾರಿಯನ್ನೂ ಮಾಡಿರಬೇಕು.