ಒಂದೇ ಕಂಪ್ಯೂಟರಿಗೆ ಎರಡು ನಾಲೆ

ಮನೆಯಲ್ಲೇ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡವರಿಗೆ ಪ್ಲಗಿನ್ ಅಂದರೇನು ಅಂತ ಹೇಳಬೇಕಿಲ್ಲ. ಮಿಕ್ಕವರಿಗೆ ಒಂದು ಮಾತು: ರೆಕಾರ್ಡ್ ಆದ ದನಿಯನ್ನ ತಿದ್ದೋ ಪುಟ್ಟ ತಂತ್ರಾಂಶ ಅದು. ಗುಂಯ್‌ಗುಡೋದನ್ನ ತಗ್ಗಿಸುತ್ತೆ, ಮೆಲ್ಲಗಿದ್ದದ್ದನ್ನ ಎತ್ತುತ್ತೆ, ಕಿವಿಗೆ ಹೊಡೆಯೋದನ್ನ ಅದುಮುತ್ತೆ. ಸ್ಟೈನ್‌ಬರ್ಗ್ ಅನ್ನೋ ಜರ್ಮನಿಯ ಕಂಪನಿ 1996ರಲ್ಲಿ ವಿಎಸ್‌ಟಿ ಅನ್ನೋ ಪದ್ಧತಿ ತಂದ ಮೇಲೆ, ಲಕ್ಷಾಂತರ ರೂಪಾಯಿ ಪೆಟ್ಟಿಗೆಗಳು ಮಾಡ್ತಿದ್ದ ಕೆಲಸ ನಮ್ಮಂಥವರ ಕಂಪ್ಯೂಟರಿಗೂ ಇಳಿದು ಬಂತು. ಆದರೆ ಈ ಪ್ಲಗಿನ್ ಕೆಲಸ ಮಾಡೋದು ರೆಕಾರ್ಡಿಂಗ್ ತಂತ್ರಾಂಶದ ಒಳಗೆ ಮಾತ್ರ. ಯೂಟ್ಯೂಬು, ವಾಟ್ಸಾಪ್ ವಾಯ್ಸು, ಆಫೀಸಿನ ಮೀಟಿಂಗು, ಇವೆಲ್ಲ ಅದರ ಮುಖವನ್ನೂ ನೋಡದೆ ಸೀದಾ ಸ್ಪೀಕರಿಗೆ ಹೋಗ್ತವೆ. ಆ ಸದ್ದನ್ನೂ ಹಿಡಿದು ಪ್ಲಗಿನ್ ಒಳಗೆ ಹಾಯಿಸೋದು ಹೇಗೆ ಅಂತ ನಾನು ತಲೆ ಕೆಡಿಸಿಕೊಂಡಿದ್ದು ಅಪ್ಪನ ಸಲುವಾಗಿ.

ಅಪ್ಪ 25 ವರ್ಷ ಪಾಂಡವಪುರದ ಕಡೆ ಆಲೆಮನೆಗಳಲ್ಲಿ ಗಾಣದ ಡೀಸೆಲ್ ಇಂಜಿನ್ ಪಕ್ಕ ನಿಂತವರು. ರಾತ್ರಿ ಹೊತ್ತು ನಾಟಕ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕಲ್ಲಿ 'ಕುರುಕ್ಷೇತ್ರ' ಆಡದೇ ಇರೋ ಊರು ಹುಡುಕೋದು ಕಷ್ಟ. ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ದುಡ್ಡು ಕೊಟ್ಟು ಬಣ್ಣ ಹಚ್ಚೋ ಜನ ನಮ್ಮವರು. ಕೃಷ್ಣನಿಗೆ ಹೆಚ್ಚು, ಸೈನಿಕನಿಗೆ ಕಮ್ಮಿ. ಅಪ್ಪ ಕರ್ಣ ಮಾಡ್ತಿದ್ದರು. ತಮ್ಮ ಪಾತ್ರ ಒಂದೇ ಅಲ್ಲ, ಇಡೀ ನಾಟಕವೇ ಬಾಯಿಪಾಠ. ಯಾರಿಗೆ ಪದ್ಯ ಮರೆತರೂ ನಮ್ಮ ಜಗಲಿಗೆ ಬರೋರು.

ಈಚೆಗೆ ಬರೋದು ನಿಂತಿತ್ತು. ಅಪ್ಪ ಎಲ್ಲದಕ್ಕೂ ತಲೆ ಆಡಿಸೋಕೆ ಶುರು ಮಾಡಿದ್ದರು. "ಊಟ ಆಯ್ತಾ?" ಅಂದರೂ ಹೂಂ, "ನಾಳೆ ಬತ್ತೀರಾ?" ಅಂದರೂ ಹೂಂ. ಕೇಳ್ತಿಲ್ಲ ಅಂತ ಹೇಳೋಕೆ ಮಾನ ಅಡ್ಡ. ಯೂಟ್ಯೂಬಲ್ಲಿ ನಾಟಕ ಹಾಕಿಕೊಟ್ಟರೆ ಹತ್ತು ನಿಮಿಷಕ್ಕೆ ಹೆಡ್‌ಫೋನ್ ತೆಗೆದಿಡೋರು. "ಈಗಿನ್ ಹೈಕ್ಳು ಬಾಯಲ್ಲಿ ಮುದ್ದೆ ಮಡೀಕಂಡು ಮಾತಾಡ್ತವೆ ಕಣ್ಲಾ." ಹೈಕಳ ಬಾಯಲ್ಲಿ ಮುದ್ದೆ ಇರಲಿಲ್ಲ.

ಮೈಸೂರಿನ ಮಾನಸಗಂಗೋತ್ರಿ ಆವರಣದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ಕಡೆಯವರಿಗೆ ಕಿವಿ ಅಂದರೆ ಅದೇ. ಅಲ್ಲಿ ಪರೀಕ್ಷೆ ಮಾಡಿ ಒಂದು ಚಾರ್ಟ್ ಕೊಟ್ಟರು, ಆಡಿಯೋಗ್ರಾಮ್ ಅಂತ. 250 ಹರ್ಟ್ಜ್‌ನಿಂದ 8000 ಹರ್ಟ್ಜ್‌ವರೆಗೆ ಯಾವ ಸ್ವರಕ್ಕೆ ಎಷ್ಟು ಡೆಸಿಬೆಲ್ ಜೋರು ಬೇಕು ಅನ್ನೋ ಗೆರೆ. ಅಪ್ಪನ ಗೆರೆ ಎಡಗಡೆ ಹೆಚ್ಚೂಕಮ್ಮಿ ಸರಿಯಾಗೇ ಬಂದು, 2000 ದಾಟಿದ ಮೇಲೆ ಕೆಳಗಿಳಿದು, 4000ದ ಹತ್ತಿರ 60ಕ್ಕೆ ಬಿದ್ದು, ಆಮೇಲೆ ಚೂರು ಮೇಲೆ ಬರ್ತಿತ್ತು. ವರ್ಷಾನುಗಟ್ಟಲೆ ಇಂಜಿನ್ ಸದ್ದಿಗೆ ಸಿಕ್ಕಿದ ಕಿವಿ ಸಾಮಾನ್ಯವಾಗಿ ಮೊದಲು ಸೋಲೋದೇ ಅಲ್ಲಿ, 3000ದಿಂದ 6000ದ ನಡುವೆ. ಸ, ಶ, ಚ, ತ, ಕ ಇಂಥ ವ್ಯಂಜನಗಳ ಚೂಪೆಲ್ಲ ಬಹುಪಾಲು ಇರೋದೂ ಆ ಭಾಗದಲ್ಲೇ. ಅ ಆ ಇ ಈ ಕೇಳುತ್ತೆ, ವ್ಯಂಜನ ಉದುರಿ ಹೋಗುತ್ತೆ. ಸಾರಥಿ ಅಂದದ್ದು 'ಆರಥಿ' ಆಗುತ್ತೆ. (ನಮ್ಮ ಸೀಮೆಯಲ್ಲಿ ಹಕಾರ ಮೊದಲೇ ಇಲ್ಲ, ಅದೊಂದು ನಷ್ಟ ತಪ್ಪಿತು.)

ಆ ಚಾರ್ಟ್ ನೋಡಿದ ತಕ್ಷಣ ನನಗೆ ಕಂಡಿದ್ದು ಈಕ್ವಲೈಜರ್. ಗೆರೆಯನ್ನ ತಲೆಕೆಳಗು ಮಾಡಿದರೆ ಎಲ್ಲಿ ಎಷ್ಟು ಎತ್ತಬೇಕು ಅಂತ ತಾನೇ ಹೇಳುತ್ತೆ. ಶ್ರವಣಯಂತ್ರದವರ ಒಂದು ಹಳೇ ಲೆಕ್ಕ ಇದೆ: ನಷ್ಟದ ಸುಮಾರು ಅರ್ಧದಷ್ಟು ಎತ್ತು, ಪೂರ್ತಿ ಎತ್ತಬೇಡ. ಅಪ್ಪನಿಗೆ ಯಂತ್ರವೂ ಇದೆ, ಸಂತೆಗೆ, ಮದುವೆಗೆ ಹಾಕ್ತಾರೆ. ಆದರೆ ಅದರ ಮೇಲೆ ಹೆಡ್‌ಫೋನ್ ಇಟ್ಟರೆ ಕುಂಯ್ ಅಂತ ಸಿಳ್ಳೆ ಹಾಕುತ್ತೆ. ಅದಕ್ಕೇ ಕಂಪ್ಯೂಟರಿನ ಕಡೆಯಿಂದಲೇ ತಿದ್ದೋಣ ಅಂತ ಹೊರಟೆ.

ದಾರಿ ಒಂದೆರಡಿವೆ. ಮ್ಯಾಕ್‌ನಲ್ಲಿ ಬ್ಲ್ಯಾಕ್‌ಹೋಲ್, ವಿಂಡೋಸಲ್ಲಿ ವಿಬಿ-ಕೇಬಲ್ ಅಂತ ಸುಳ್ಳು ಸೌಂಡ್‌ಕಾರ್ಡುಗಳು ಸಿಗ್ತವೆ. ಎಲ್ಲ ಸದ್ದನ್ನ ಅದಕ್ಕೆ ಸುರಿದು, ಅಲ್ಲಿಂದ ರೆಕಾರ್ಡಿಂಗ್ ತಂತ್ರಾಂಶಕ್ಕೆ ಎಳೆದು, ಪ್ಲಗಿನ್ ಹಾಕಿ ಹೊರಗೆ ಬಿಡಬೇಕು. ಕೆಲಸವೇನೋ ಆಗುತ್ತೆ, ಆದರೆ ಬರೀ ನಾಟಕ ನೋಡೋಕೂ ಆ ತಂತ್ರಾಂಶ ತೆರೆದೇ ಇರಬೇಕು. 70 ದಾಟಿದವರಿಗೆ ಅದನ್ನ ಹೇಳಿಕೊಡೋ ತಾಳ್ಮೆ ನನಗಿಲ್ಲ, ಕಲಿಯೋ ತಾಳ್ಮೆ ಅವರಿಗಿಲ್ಲ. ಲಿನಕ್ಸಿಗೆ ಈಜಿಎಫೆಕ್ಟ್ಸ್ ಇದೆ, ಬಲು ಅಚ್ಚುಕಟ್ಟು. ನನ್ನ ಸ್ಟುಡಿಯೋ ಮಷೀನಲ್ಲಿ ಲಿನಕ್ಸ್ ಇಲ್ಲ.

ಕೊನೆಗೆ ನಿಂತಿದ್ದು ಈಕ್ವಲೈಜರ್ ಎಪಿಒ ಮೇಲೆ. ಪುಕ್ಕಟೆ, ಓಪನ್ ಸೋರ್ಸ್. ವಿಂಡೋಸ್ ವಿಸ್ತಾ ಕಾಲದಿಂದ ವಿಂಡೋಸಿನ ಸೌಂಡ್ ಇಂಜಿನ್ ಒಳಗೇ ಇಂಥ ತಿದ್ದೋ ತುಣುಕು ಕೂರಿಸೋಕೆ ಜಾಗ ಇಟ್ಟಿದ್ದಾರೆ, ಇದು ಅಲ್ಲಿ ಹೋಗಿ ಕೂರುತ್ತೆ. ಮನೆಮನೆ ನಲ್ಲಿಗೆ ಫಿಲ್ಟರ್ ಕಟ್ಟೋ ಬದಲು ಟ್ಯಾಂಕಿನ ಬಾಯಲ್ಲೇ ಕಟ್ಟಿದ ಹಾಗೆ. ವಿಎಸ್‌ಟಿ ಪ್ಲಗಿನ್ನೂ ಹಾಕಬಹುದು. ತಿದ್ದುಪಡಿಯೆಲ್ಲ ಒಂದು ಟೆಕ್ಸ್ಟ್ ಫೈಲಲ್ಲಿ ಇರುತ್ತೆ, ಸೇವ್ ಮಾಡಿದ ಕ್ಷಣವೇ ಸದ್ದು ಬದಲಾಗುತ್ತೆ. ಕೋಡ್ ಬರೆದು ಹೊಟ್ಟೆ ಹೊರೆಯೋ ನನಗೆ ಇದಕ್ಕಿಂತ ಖುಷಿ ಇನ್ನೇನು.

ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ನಾಟಕದ ತಂಡಗಳ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡೋದು ನನ್ನ ಶನಿವಾರ-ಭಾನುವಾರದ ಕೆಲಸ. ಅಪ್ಪನ ಕಿವಿಗೆ ಹೊಂದಿಸಿದ ಸದ್ದಲ್ಲಿ ಮಿಕ್ಸ್ ಮಾಡಿದರೆ ಊರೋರ ಕಿವಿಗೆ ಅದು ಮಂಕಾಗಿ ಕೇಳುತ್ತೆ. ನನಗೆ ಯಾವ ಬಣ್ಣವೂ ಇಲ್ಲದ ಸದ್ದು ಬೇಕು. ನನ್ನ ರೀಪರ್ ತಂತ್ರಾಂಶ ಇಂಟರ್‌ಫೇಸ್ ಜತೆ ಮಾತಾಡೋದು ಏಸಿಯೋ ಡ್ರೈವರ್ ಮೂಲಕ. ಏಸಿಯೋ ದಾರಿ ವಿಂಡೋಸಿನ ಸೌಂಡ್ ಇಂಜಿನ್ನನ್ನ ಬಳಸಿಕೊಂಡು ಆಚೆಯಿಂದಲೇ ಹೋಗುತ್ತೆ, ಎಪಿಒ ಅದನ್ನ ಮುಟ್ಟೋಕಾಗಲ್ಲ. ಬಹಳ ಜನ ಇದನ್ನೊಂದು ಕೊರತೆ ಅಂತ ಬೈತಾರೆ. ನನಗೆ ಅದೇ ವರ. ಒಂದೇ ಕಟ್ಟೆ, ಎರಡು ನಾಲೆ. ಯೂಟ್ಯೂಬಿನ ನೀರು ಅಪ್ಪನ ತೂಬಲ್ಲಿ, ರೀಪರ್ ನೀರು ನನ್ನ ತೂಬಲ್ಲಿ. ಏನೂ ಆನ್ ಮಾಡಬೇಕಿಲ್ಲ, ಏನೂ ಆಫ್ ಮಾಡಬೇಕಿಲ್ಲ.

ಹೊಂದಿಸೋಕೆ ಮೂರು ಸಂಜೆ ಹಿಡೀತು. ಲೆಕ್ಕದ ಪ್ರಕಾರ 4000 ಹರ್ಟ್ಜ್‌ನಲ್ಲಿ 30 ಡೆಸಿಬೆಲ್ ಎತ್ತಬೇಕು. ನಾನು 15ಕ್ಕೆ ನಿಲ್ಲಿಸಿದೆ, ಸದ್ದು ಒಡೆಯದ ಹಾಗೆ ಮೊದಲೇ ಒಟ್ಟು ಮಟ್ಟವನ್ನ 15 ಇಳಿಸಿದೆ. ಹಾರ್ಮೋನಿಯಂ ಮಾತಿನ ಮೇಲೆ ಕೂರ್ತಿತ್ತು, 400ರ ಆಸುಪಾಸು 4 ತಗ್ಗಿಸಿದೆ. ಆದರೂ ಒಂದು ತೊಡಕು. ಇಂಥ ಕಿವಿಗೆ ಮೆಲ್ಲಗಿದ್ದರೆ ಕೇಳಲ್ಲ, ಜೋರಾದರೆ ತಡೆಯೋಕಾಗಲ್ಲ. "ಏನಂದೆ?" ಅಂದ ಬಾಯಲ್ಲೇ "ಯಾಕ್ಲಾ ಅರಚ್ತೀಯ!" ಅದಕ್ಕೆ ಮದ್ದು ಕಂಪ್ರೆಸರ್. ರೀಪರ್ ಮಾಡಿದ ಕಾಕೋಸ್‌ನವರದೇ ಉಚಿತ ಪ್ಲಗಿನ್ ರೀಎಕ್ಸ್‌ಕಾಂಪ್, ಬೇರೆ ಬೇರೆ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಅದುಮುತ್ತೆ. ಎಲ್ಲದರ ಕೊನೆಗೆ ಒಂದು ಲಿಮಿಟರ್, ಕಟ್ಟಪ್ಪಣೆ: ಇದರ ಮೇಲೆ ಹೋಗಕೂಡದು. ಉಳಿದಿರೋ ಕಿವಿಯನ್ನ ಉಳಿಸಬೇಕಲ್ಲ. ಇದನ್ನ ಓದಿ ಯಾರೂ ಡಾಕ್ಟರನ್ನ ಬಿಟ್ಟು ಪ್ಲಗಿನ್ ಹಿಂದೆ ಹೋಗಬೇಡಿ. ಚಾರ್ಟ್ ಮೊದಲು, ಚೇಷ್ಟೆ ಆಮೇಲೆ.

ಮೂರನೇ ಸಂಜೆ ಕೆ.ಆರ್.ಪೇಟೆ ಕಡೆಯ ಯಾವುದೋ ಊರಿನ ನಾಟಕ ಹಾಕಿಕೊಟ್ಟೆ. ಫೋನಲ್ಲಿ ಹಿಡಿದ ವಿಡಿಯೋ. ಅರ್ಧ ಗಂಟೆ ಮಿಸುಕಾಡಲಿಲ್ಲ. ಆಮೇಲೆ ತೊಡೆ ತಟ್ಟಿ, "ತಪ್ಪೇಳ್ಬುಟ್ಟ ಕಣ್ಲಾ! ಒಂದ್ ಸಾಲೇ ನುಂಗಾಕ್ಬುಟ್ಟ!" ಅಡುಗೆಮನೆಯಿಂದ ಅವ್ವ ಓಡಿ ಬಂದಳು, ಯಾರಿಗೋ ಏನೋ ಆಯ್ತು ಅಂತ.

ಅವ್ವನ ಮಾತು ಮಾತ್ರ ಇನ್ನೂ ಹಾಗೇ. ಅಡುಗೆಮನೆಗೂ ಜಗಲಿಗೂ ನಡುವೆ ಕೂರಿಸೋ ಎಪಿಒ ಇಲ್ಲ. ಎದುರಿಗೆ ಬಂದು, ಮುಖ ಕಾಣೋ ಹಾಗೆ ನಿಂತು, ನಿಧಾನಕ್ಕೆ ಹೇಳಬೇಕು. ನಾನು ಹಾಗೇ ಮಾಡ್ತೀನಿ. ಅವ್ವ ಮಾಡಲ್ಲ, ಅವಳಿಗೆ ಒಲೆ ಮೇಲೆ ಹಾಲಿರುತ್ತೆ.

ಈ ಸುದ್ದಿ ಹೇಗೋ ಊರೊಳಗೆ ಹೋಯ್ತು. ಈಗ ನಾಗಮಂಗಲದ ಕಡೆಯ ಒಂದು ತಂಡದವರು ಪ್ರಾಕ್ಟೀಸಿನ ರೆಕಾರ್ಡಿಂಗನ್ನ ವಾಟ್ಸಾಪಲ್ಲಿ ಕಳಿಸ್ತಾರೆ. ಅಪ್ಪ ಹೆಡ್‌ಫೋನ್ ಹಾಕ್ಕೊಂಡು, ನನ್ನ ಹಳೇ ಇಂಜಿನಿಯರಿಂಗ್ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ತಪ್ಪು ಗುರುತು ಮಾಡ್ತಾರೆ. ಡ್ರೈವರ್ ಹೊಸದಾದಾಗ ಎಪಿಒ ಒಮ್ಮೊಮ್ಮೆ ಬಿಟ್ಟುಹೋಗುತ್ತೆ, ಮತ್ತೆ ಟಿಕ್ ಹಾಕಬೇಕು. ಅದು ನನಗಿಂತ ಮೊದಲು ಅವರಿಗೇ ಗೊತ್ತಾಗೋದು: "ಲೋ, ಮುದ್ದೆ ವಾಪಸ್ ಬಂದದೆ ನೋಡ್ಲಾ."

ಮೊನ್ನೆಯ ರೆಕಾರ್ಡಿಂಗಲ್ಲಿ 11 ತಪ್ಪು ಬರೆದಿದ್ದರು. ಅದರಲ್ಲಿ ಎರಡು ಹಾರ್ಮೋನಿಯಂ ಮೇಷ್ಟ್ರದು.