ಪುಟ್ಟ ದೇಶದ ಪಾಲು

ಬ್ರಸೆಲ್ಸ್‌ನಲ್ಲಿ ರೈಲು ಹತ್ತಿದರೆ ಸುಮಾರು ಮೂರು ಗಂಟೆಯಲ್ಲಿ ಲಕ್ಸೆಂಬರ್ಗ್ ನಗರ ಬರುತ್ತದೆ. ದೇಶದ ಹೆಸರೂ ಅದೇ, ರಾಜಧಾನಿಯ ಹೆಸರೂ ಅದೇ. ಬೆಲ್ಜಿಯಂ ಮುಗಿದು ಇನ್ನೊಂದು ದೇಶ ಶುರುವಾದದ್ದು ನಮಗೆ ತಿಳಿಯಲೇ ಇಲ್ಲ. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಗಡಿ ತಪಾಸಣೆಯನ್ನು ತೆಗೆದುಹಾಕಿದ ಷೆಂಗೆನ್ ಒಪ್ಪಂದಕ್ಕೆ 1985ರಲ್ಲಿ ಸಹಿ ಬಿದ್ದದ್ದು ಇದೇ ದೇಶದಲ್ಲಿ. ಷೆಂಗೆನ್ ಎನ್ನುವುದು ಮೊಸೆಲ್ ನದಿಯ ದಂಡೆಯ ಒಂದು ಪುಟ್ಟ ಹಳ್ಳಿಯ ಹೆಸರು. ನಿಲ್ದಾಣದ ಹೊರಗೆ ಬಸ್ ಹತ್ತಿ ಟಿಕೆಟ್ಟಿಗೆಂದು ಜೇಬಿಗೆ ಕೈಹಾಕಿದಾಗ ಮಗಳು ನಕ್ಕಳು. 2020ರಿಂದ ಇಲ್ಲಿ ಬಸ್, ಟ್ರಾಮ್, ರೈಲಿನ ಎರಡನೇ ದರ್ಜೆ ಎಲ್ಲವೂ ಉಚಿತವಂತೆ.

ದೇಶದ ವಿಸ್ತೀರ್ಣ 2,586 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆ ಇದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. 2025ರ ಲೆಕ್ಕದಲ್ಲಿ ಜನಸಂಖ್ಯೆ ಏಳು ಲಕ್ಷಕ್ಕೂ ಸ್ವಲ್ಪ ಕಡಿಮೆ. ಬ್ಯಾಂಕುಗಳು, ಉಕ್ಕಿನ ಕಂಪೆನಿ, ಯುರೋಪಿನ ನ್ಯಾಯಾಲಯ ಎಂದೆಲ್ಲ ನಾವು ಪತ್ರಿಕೆಯಲ್ಲಿ ಓದುವ ಶ್ರೀಮಂತ ದೇಶ ಇದು. ಆದರೆ ನಾನು ಹೇಳಹೊರಟದ್ದು ಅದರ ಹಣದ ವಿಷಯವಲ್ಲ, ಸೈನ್ಯದ ವಿಷಯ.

ಸಂವಿಧಾನ ಚೌಕದಲ್ಲಿ 21 ಮೀಟರ್ ಎತ್ತರದ ಒಂದು ಕಲ್ಲಿನ ಕಂಬವಿದೆ. ಅದರ ತುದಿಯಲ್ಲಿ ಕೈಯಲ್ಲಿ ಹೂಮಾಲೆ ಹಿಡಿದು ನಿಂತ ಹೊಂಬಣ್ಣದ ಸ್ತ್ರೀ ವಿಗ್ರಹ. ಅಲ್ಲಿನ ಭಾಷೆಯಲ್ಲಿ ಅವಳನ್ನು ‘ಗೆಲ್ಲೆ ಫ್ರಾ’ ಎನ್ನುತ್ತಾರೆ, ಅಂದರೆ ಬಂಗಾರದ ಹೆಣ್ಣು. ಮೊದಲನೇ ಮಹಾಯುದ್ಧದಲ್ಲಿ ಸ್ವಯಂಸೇವಕರಾಗಿ ಫ್ರೆಂಚ್ ಸೇನೆ ಸೇರಿ ಮಡಿದವರ ನೆನಪಿಗೆ 1923ರಲ್ಲಿ ನಿಲ್ಲಿಸಿದ್ದು. 1940ರಲ್ಲಿ ನಾಜಿಗಳು ಅದನ್ನು ಕೆಡವಿದರು. ವಿಗ್ರಹ ಎಲ್ಲಿ ಹೋಯಿತೆಂದೇ ಬಹುಕಾಲ ತಿಳಿಯಲಿಲ್ಲ. 1980ರ ವೇಳೆಗೆ ಅದು ಸಿಕ್ಕಿದ್ದು ಒಂದು ಫುಟ್‌ಬಾಲ್ ಮೈದಾನದ ಗ್ಯಾಲರಿಯ ಕೆಳಗೆ! 1985ರಲ್ಲಿ ಮತ್ತೆ ಕಂಬದ ಮೇಲೇರಿತು. ಈಗ ಎರಡನೇ ಮಹಾಯುದ್ಧ ಮತ್ತು ಕೊರಿಯಾ ಯುದ್ಧದಲ್ಲಿ ಸತ್ತವರನ್ನೂ ಇಲ್ಲೇ ನೆನೆಯುತ್ತಾರೆ.

ಕೊರಿಯಾದಲ್ಲಿ ಸತ್ತ ಲಕ್ಸೆಂಬರ್ಗ್ ಸೈನಿಕರು ಇಬ್ಬರು ಎಂದು ಹೇಳಿದಾಗ ಹನ್ನೆರಡು ವರ್ಷದ ಮೊಮ್ಮಗ ಕೇಳಿದ: “ಇಬ್ಬರೇನಾ ತಾತ? ಇಷ್ಟು ಚಿಕ್ಕ ದೇಶ ಯುದ್ಧಕ್ಕೆ ಹೋಗಿ ಏನು ಮಾಡುತ್ತೆ?”

ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ.

ಕಾಗದ ಕಾಯಲಿಲ್ಲ

ಉತ್ತರದ ಮೊದಲ ಭಾಗ ಸಿಕ್ಕಿದ್ದು ನೆಲದ ಕೆಳಗೆ. ಬಾಕ್ ಎಂಬ ಬಂಡೆಯನ್ನು ಕೊರೆದು 1644ರಲ್ಲಿ ಸ್ಪೇನಿನವರು ಸುರಂಗ ಶುರುಮಾಡಿದರು. ಆಮೇಲೆ ಬಂದ ಫ್ರೆಂಚರು, ಆಸ್ಟ್ರಿಯದವರು ಅದನ್ನು ಬೆಳೆಸುತ್ತ ಹೋಗಿ ಒಟ್ಟು 23 ಕಿಲೋಮೀಟರ್ ಉದ್ದದ ಜಾಲವಾಯಿತು. ‘ಉತ್ತರದ ಜಿಬ್ರಾಲ್ಟರ್’ ಎಂದು ಹೆಸರಾದ ಈ ಕೋಟೆಗಾಗಿ ದೊಡ್ಡ ದೊರೆಗಳೆಲ್ಲ ಕಿತ್ತಾಡಿದರು. ಕೊನೆಗೆ 1867ರ ಲಂಡನ್ ಒಪ್ಪಂದದಲ್ಲಿ ಒಂದು ತೀರ್ಮಾನವಾಯಿತು: ಲಕ್ಸೆಂಬರ್ಗ್ ಶಾಶ್ವತವಾಗಿ ತಟಸ್ಥ ದೇಶ, ಕೋಟೆಯನ್ನು ಒಡೆದುಹಾಕಬೇಕು. ಒಡೆಯಲು 16 ವರ್ಷ ಹಿಡಿಯಿತು. ಸುರಂಗಗಳನ್ನು ಮಾತ್ರ ಪೂರ್ತಿ ಸಿಡಿಸಲಾಗಲಿಲ್ಲ. ಸಿಡಿಸಿದರೆ ಮೇಲಿನ ಊರೇ ಕುಸಿಯುತ್ತಿತ್ತು. ಹಳೆಯ ನಗರ ಮತ್ತು ಕೋಟೆಯ ಅವಶೇಷಗಳು 1994ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ.

ಕೋಟೆ ಹೋಯಿತು, ಕಾಗದ ಉಳಿಯಿತು. ಆ ಕಾಗದ ಕಾಯಲಿಲ್ಲ. 1914ರಲ್ಲಿ ಜರ್ಮನ್ ಸೈನ್ಯ ಒಳನುಗ್ಗಿತು. 1940ರ ಮೇ 10ರಂದು ಮತ್ತೆ ನುಗ್ಗಿತು. ಎರಡನೇ ಸಲ ಬಂದವರು ದೇಶವನ್ನೇ ತಮ್ಮದೆಂದರು. 1942ರಲ್ಲಿ ಇಲ್ಲಿನ ಯುವಕರನ್ನು ಜರ್ಮನ್ ಸೇನೆಗೆ ಕಡ್ಡಾಯವಾಗಿ ಸೇರಿಸುವ ಆಜ್ಞೆ ಹೊರಟಾಗ ಜನ ಮುಷ್ಕರ ಹೂಡಿದರು. ಅದಕ್ಕಾಗಿ 21 ಮಂದಿಯನ್ನು ಕೊಂದರು. ಹತ್ತು ಸಾವಿರಕ್ಕೂ ಹೆಚ್ಚು ಯುವಕರು ತಮ್ಮದಲ್ಲದ ಸಮವಸ್ತ್ರ ತೊಟ್ಟು ಹೋಗಬೇಕಾಯಿತು. ಹಲವರು ತಿರುಗಿ ಬರಲಿಲ್ಲ.

ಅದೇ ಹೊತ್ತಿಗೆ ತಪ್ಪಿಸಿಕೊಂಡು ಇಂಗ್ಲೆಂಡ್ ತಲುಪಿದ್ದ ಎಂಬತ್ತರಷ್ಟು ಲಕ್ಸೆಂಬರ್ಗಿಗರು ಬೆಲ್ಜಿಯಂ ಬ್ರಿಗೇಡಿನ ಫಿರಂಗಿ ದಳ ಸೇರಿದರು. ತಮ್ಮ ನಾಲ್ಕು ಫಿರಂಗಿಗಳಿಗೆ ಗ್ರ್ಯಾಂಡ್ ಡಚೆಸ್ ಷಾರ್ಲಟ್‌ಳ ನಾಲ್ವರು ಹೆಣ್ಣುಮಕ್ಕಳ ಹೆಸರಿಟ್ಟು 1944ರಲ್ಲಿ ನಾರ್ಮಂಡಿಗೆ ಬಂದಿಳಿದರು. ರಾಜಕುಮಾರ ಜಾನ್ ಬ್ರಿಟನ್ನಿನ ಐರಿಷ್ ಗಾರ್ಡ್ಸ್ ಸೇರಿ ಹೋರಾಡಿದ. ದೇಶವನ್ನು ಬಿಡಿಸಿದ್ದು ಅಮೆರಿಕದ ಸೈನ್ಯ. ನಗರದ ಅಂಚಿನ ಹಾಮ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಸಮಾಧಿಗಳಿವೆ. ಸೇನಾಪತಿ ಪ್ಯಾಟನ್‌ನದೂ ಅವುಗಳ ನಡುವೆಯೇ ಇದೆ. ಹುಲ್ಲಿನ ಮೇಲೆ ಸಾಲುಸಾಲಾಗಿ ನಿಂತ ಬಿಳಿ ಶಿಲುಬೆಗಳ ನಡುವೆ ನಡೆಯುವಾಗ ಹುಡುಗನೂ ಮಾತು ನಿಲ್ಲಿಸಿದ.

1948ರಲ್ಲಿ ಲಕ್ಸೆಂಬರ್ಗ್ ತಟಸ್ಥ ನೀತಿಯನ್ನು ಬಿಟ್ಟಿತು. 1949ರಲ್ಲಿ ನ್ಯಾಟೋ ಕೂಟ ಹುಟ್ಟಿದಾಗ ಹನ್ನೆರಡು ಸ್ಥಾಪಕ ದೇಶಗಳಲ್ಲಿ ಇದೂ ಒಂದು. ‘ನಮಗೆ ಆಪತ್ತು ಬಂದಾಗ ನೀವು ಬನ್ನಿ’ ಎಂದು ಕೇಳುವವನು ‘ನಿಮಗೆ ಬಂದಾಗ ನಾವೂ ಬರುತ್ತೇವೆ’ ಎನ್ನಬೇಕಲ್ಲವೇ?

ಕೊರಿಯಾದ ಇಬ್ಬರು

ಆ ಮಾತಿನ ಪರೀಕ್ಷೆ ಬೇಗನೆ ಬಂತು. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಕರೆಗೆ ಹೋರಾಡುವ ಪಡೆ ಕಳಿಸಿದ 16 ದೇಶಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಲಕ್ಸೆಂಬರ್ಗ್. ಆಗ ಅದರ ಜನಸಂಖ್ಯೆ ಮೂರು ಲಕ್ಷದಷ್ಟು. ಬೆಲ್ಜಿಯಂನ ಬೆಟಾಲಿಯನ್ನಿನೊಳಗೆ ಅದರದೊಂದು ಪ್ಲಟೂನ್. ಎರಡು ಸರದಿ ಸೇರಿ ಹೋದವರು ನೂರರ ಆಸುಪಾಸು. 1951ರ ಜನವರಿಯ ಕೊನೆಯಲ್ಲಿ ಪೂಸಾನ್ ಬಂದರಿನಲ್ಲಿ ಇಳಿದ ಈ ಬೆಟಾಲಿಯನ್ ಏಪ್ರಿಲ್‌ನಲ್ಲಿ ಇಮ್‌ಜಿನ್ ನದಿಯ ದಂಡೆಯ ಘೋರ ಕದನದಲ್ಲಿತ್ತು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ತಟಸ್ಥವಾಗಿದ್ದ ಭಾರತ ಆ ಯುದ್ಧಕ್ಕೆ ಬಂದೂಕು ಕಳಿಸಲಿಲ್ಲ. ಗಾಯಾಳುಗಳ ಶುಶ್ರೂಷೆಗೆ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ತುಕಡಿಯನ್ನು ಕಳಿಸಿತು. 1953ರಲ್ಲಿ ಯುದ್ಧ ನಿಂತ ಮೇಲೆ ಊರಿಗೆ ಹಿಂತಿರುಗಲು ಒಪ್ಪದ ಯುದ್ಧಕೈದಿಗಳ ಗೋಜಲನ್ನು ಬಿಡಿಸಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾದಾಗ ಅದರ ಅಧ್ಯಕ್ಷರಾದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು. ದೊಡ್ಡ ದೇಶ ತಟಸ್ಥವಾಗಿ ನಿಂತರೆ ಅದರ ಮಾತಿಗೆ ತೂಕ ಬರುತ್ತದೆ. ಜಿಲ್ಲೆಯಷ್ಟಿರುವ ದೇಶ ತಟಸ್ಥವಾಗಿ ನಿಂತರೆ ಸೈನ್ಯಗಳು ಅದನ್ನು ದಾರಿ ಮಾಡಿಕೊಂಡು ಹೋಗುತ್ತವೆ. ಇಬ್ಬರದೂ ಅವರವರ ಅನುಭವದ ಪಾಠ.

ಸಿಂಹ ಹೊತ್ತ ವಿಮಾನ

ಕಡ್ಡಾಯ ಸೈನಿಕ ಸೇವೆಯನ್ನು 1967ರಲ್ಲಿ ಕೈಬಿಟ್ಟ ಮೇಲೆ ಇದು ಪೂರ್ತಿ ಸ್ವಯಂಸೇವಕರ ಸೈನ್ಯ. ಒಟ್ಟು ಸುಮಾರು ಸಾವಿರ ಮಂದಿ. ಉತ್ತರದ ಡೀಕಿರ್ಕ್ ಊರಿನ ಗುಡ್ಡದ ಮೇಲೆ ಅವರ ಬ್ಯಾರಕ್ಕು. 1990ರ ದಶಕದಿಂದ ಈ ಪುಟ್ಟ ಗುಂಪಿನಿಂದಲೇ ಹಿಂದಿನ ಯುಗೊಸ್ಲಾವಿಯಾಕ್ಕೆ, ಕೊಸೊವೊಗೆ, ಅಫ್ಘಾನಿಸ್ತಾನಕ್ಕೆ ಸೈನಿಕರು ಹೋಗಿದ್ದಾರೆ. 2017ರಿಂದ ಲಿಥುವೇನಿಯಾದಲ್ಲಿ ಜರ್ಮನಿಯ ಮುಂದಾಳತ್ವದ ನ್ಯಾಟೋ ಪಡೆಯ ಜೊತೆ ಅಭ್ಯಾಸ ನಡೆಸಿದ್ದಾರೆ.

ವಿಜ್ಞಾನದ ಮೇಷ್ಟರಾದ ನನಗೆ ಹೆಚ್ಚು ಹಿಡಿಸಿದ್ದು ವಿಮಾನದ ಕಥೆ. ನ್ಯಾಟೋ ಬಳಿ ಬೆನ್ನ ಮೇಲೆ ದೊಡ್ಡ ತಟ್ಟೆ ಹೊತ್ತ ಇ-3ಎ ಎಂಬ ‘ಅವಾಕ್ಸ್’ ವಿಮಾನಗಳಿವೆ. ನಿಲ್ದಾಣ ಇರುವುದು ಜರ್ಮನಿಯ ಗೈಲೆನ್‌ಕಿರ್ಷೆನ್‌ನಲ್ಲಿ. ಆದರೆ ವಿಮಾನಕ್ಕೆ ಯಾವುದಾದರೂ ದೇಶದ ನೋಂದಣಿ ಬೇಕು. ನ್ಯಾಟೋ ಒಂದು ಕೂಟವೇ ಹೊರತು ದೇಶವಲ್ಲ. ವಾಯುಪಡೆಯೇ ಇಲ್ಲದ ಲಕ್ಸೆಂಬರ್ಗ್ ಆಗ ತನ್ನ ಹೆಸರು ಕೊಟ್ಟಿತು. ಹೀಗಾಗಿ ಅವುಗಳ ಸಂಖ್ಯೆ ‘ಎಲ್‌ಎಕ್ಸ್’ ಎಂದು ಆರಂಭವಾಗುತ್ತದೆ. ಮೈಮೇಲೆ ಲಕ್ಸೆಂಬರ್ಗಿನ ಕೆಂಪು ಸಿಂಹ.

ತಟ್ಟೆಯ ವ್ಯಾಸ 9 ಮೀಟರಿಗೂ ಹೆಚ್ಚು. ಅದು ಹತ್ತು ಸೆಕೆಂಡಿಗೊಂದು ಸುತ್ತು ತಿರುಗುತ್ತದೆ. ರೇಡಾರನ್ನು ನೆಲದ ಮೇಲೇ ಇಡಬಾರದಿತ್ತೇ ಎಂದು ಮೊಮ್ಮಗ ಕೇಳಿದ. ಭೂಮಿ ದುಂಡಗಿರುವುದೇ ತೊಡಕು. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. 9 ಮೀಟರ್ ಎತ್ತರದ ತಾರಸಿಯಿಂದ ಕಾಣುವುದು ಹನ್ನೊಂದು ಕಿಲೋಮೀಟರಿನಷ್ಟು. 9,000 ಮೀಟರ್ ಎತ್ತರದಿಂದ ಸುಮಾರು 340. ರೇಡಾರ್ ಅಲೆಗಳು ವಾತಾವರಣದಲ್ಲಿ ತುಸು ಬಾಗುವುದರಿಂದ ಹತ್ತಿರ ಹತ್ತಿರ 400 ಕಿಲೋಮೀಟರ್. ಮಕ್ಕಳು ಮನೆಯಲ್ಲಿ ಈ ಲೆಕ್ಕವನ್ನು ಮಾಡಿ ನೋಡಬಹುದು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯಾಟೋದ ಏಳು ಅವಾಕ್ಸ್ ವಿಮಾನಗಳು ಅಮೆರಿಕಕ್ಕೆ ಹೋಗಿ 2002ರ ಮೇ ತಿಂಗಳವರೆಗೆ ಅಲ್ಲಿನ ಆಕಾಶ ಕಾದವು. ಹಾಮ್‌ನಲ್ಲಿ ಮಲಗಿರುವ ಹುಡುಗರ ಊರುಗಳ ಮೇಲೆ ಲಕ್ಸೆಂಬರ್ಗಿನ ಸಿಂಹ ಹಾರಾಡಿತು.

ಇನ್ನೊಂದು ಕೊಡುಗೆ ಇನ್ನೂ ಎತ್ತರದಲ್ಲಿದೆ. ಬೆಟ್ಜ್‌ಡಾರ್ಫ್‌ನಲ್ಲಿ ನೆಲೆಸಿರುವ ಎಸ್‌ಇಎಸ್ ಕಂಪೆನಿಯೊಡನೆ ಸರ್ಕಾರ ಸರಿಪಾಲು ಹಾಕಿ ಕಳಿಸಿದ ಗವ್‌ಸ್ಯಾಟ್-1 ಉಪಗ್ರಹ 2018ರ ಜನವರಿ 31ರಂದು ಹಾರಿತು. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದು ಸೇನೆಗಳ ಗುಪ್ತ ಸಂದೇಶಗಳನ್ನು ಸಾಗಿಸುವುದು ಅದರ ಕೆಲಸ. ನಮ್ಮ ಹಾಸನದ ಕೇಂದ್ರದಿಂದ ನಿಯಂತ್ರಿಸುವ ಇನ್ಸಾಟ್ ಉಪಗ್ರಹಗಳದೂ ಅದೇ ಎತ್ತರದ ಕಕ್ಷೆ.

ಮನೆಗೊಂದು ಆಳು

ಎಲ್ಲರೂ ಇದನ್ನು ಮೆಚ್ಚುವುದಿಲ್ಲ. ವರಮಾನಕ್ಕೆ ಹೋಲಿಸಿದರೆ ಲಕ್ಸೆಂಬರ್ಗ್ ರಕ್ಷಣೆಗೆ ಮಾಡುವ ಖರ್ಚು ಬಹಳ ಕಡಿಮೆ ಎಂದು ಮಿತ್ರರೇ ವರ್ಷಗಟ್ಟಲೆ ದೂರಿದ್ದಾರೆ. ‘ನಮ್ಮ ಲೆಕ್ಕದಲ್ಲಿ ಕಾಣುವ ಸಂಪತ್ತಿನ ದೊಡ್ಡ ಭಾಗ ಹೊರಗಿನವರದು. ಅಲ್ಲದೆ ಸಾವಿರ ಜನರ ಸೈನ್ಯಕ್ಕೆ ಎಷ್ಟೆಂದು ಖರ್ಚು ಮಾಡುವುದು?’ ಎಂಬುದು ಇವರ ಉತ್ತರ. ಅದರಲ್ಲೂ ಸತ್ಯವಿದೆ. 2020ರಲ್ಲಿ ಕೈಸೇರಿದ ಒಂದೇ ಒಂದು ಎ400ಎಂ ಸಾಗಣೆ ವಿಮಾನವನ್ನು ಕೂಡ ಬೆಲ್ಜಿಯಂನ ನೆಲೆಯಲ್ಲಿ, ಬೆಲ್ಜಿಯಂನವರ ಜೊತೆ ಸೇರಿ ನಡೆಸುತ್ತಾರೆ.

ನನ್ನ ಬಾಲ್ಯದಲ್ಲಿ ನಮ್ಮೂರ ಕೆರೆಯ ಹೂಳೆತ್ತಲು ಮನೆಗೊಂದು ಆಳು ಹೋಗಬೇಕಿತ್ತು. ಉಳ್ಳವರು ಒಮ್ಮೊಮ್ಮೆ ಹಣ ಕೊಟ್ಟು ಸುಮ್ಮನಾಗುತ್ತಿದ್ದರು. ಹಣವೂ ಬೇಕು, ಬುಟ್ಟಿ ಕೊಳ್ಳಬೇಕಲ್ಲ. ಆದರೆ ಊರು ನೆನಪಿಡುತ್ತಿದ್ದದ್ದು ಕೆಸರಿಗೆ ಇಳಿದವರನ್ನು. ಉಪಗ್ರಹ, ವಿಮಾನ, ನೋಂದಣಿ ಇವೆಲ್ಲ ಕೊಡುಗೆಯೇ, ನಿಜ. ಲಕ್ಸೆಂಬರ್ಗ್ ಕೆಸರಿಗೂ ಇಳಿದಿದೆ ಎಂದು ಹೇಳುವುದು ಮಾತ್ರ ಆ ಕಂಬದ ಬುಡದಲ್ಲಿ ನೆನೆಯುವ ಹುಡುಗರು.

ಸಂಜೆ ರೈಲಿಗೆ ಮುಂಚೆ ಮತ್ತೊಮ್ಮೆ ಚೌಕಕ್ಕೆ ಹೋದೆವು. ಮೊಮ್ಮಗ ಮೇಲೆ ನೋಡುತ್ತಿದ್ದವನು, “ತಾತ, ಆ ಇಬ್ಬರ ಮನೆಯವರಿಗೆ ಇಬ್ಬರೇ ಅನ್ನಿಸಿರಲ್ಲ ಅಲ್ವಾ?” ಎಂದ.

ನಾನು ಹುಡುಕುತ್ತಿದ್ದ ಉತ್ತರವನ್ನು ಅವನೇ ಹೇಳಿಬಿಟ್ಟಿದ್ದ.